ಮಾರಿಯೋಗೆ ಹತ್ತಕ್ಕೆ ಮೂರು

ಸೂಪರ್ ಮಾರಿಯೋ ಬ್ರದರ್ಸ್‌ಗೆ ಹತ್ತಕ್ಕೆ ಮೂರು ಅಂಕ. ಇದು ನಮ್ಮ ಅಕ್ಕನ ಮಗನ ತೀರ್ಪು. ಏಳನೇ ಕ್ಲಾಸು ಮುಗಿಸಿ ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಸೂಟಿಗೆ ಬಂದಿದ್ದಾನೆ. ಹೊರಗೆ ಕಾಲಿಡಲು ಬಿಸಿಲು ಬಿಡುವುದಿಲ್ಲ. ಹಾಗಾಗಿ ಒಳಗೆ ಕೂತು, ಹಳೇ ವಿಡಿಯೋ ಗೇಮ್‌ಗಳನ್ನು ಫೋನಿನಲ್ಲಿ ಆಡಿ, ಅವುಗಳ ಹಣೆಬರಹ ಏನು ಅಂತ ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸುವ ಕಸುಬು ಹಿಡಿದಿದ್ದಾನೆ.

"ಮೂರೇ ಯಾಕೋ?" ಅಂದೆ.

"ಹಿಂದಕ್ಕ ಹೋಗಾಕ ಬರಂಗಿಲ್ಲ ಮಾಮಾ. ಒಂದು ನಾಣ್ಯ ಬಿಟ್ಟು ಮುಂದ ಹೋದ್ರ ಮುಗೀತು. ಸೇವ್ ಇಲ್ಲ. ಮೂರು ಸಲ ಸತ್ರ ಮತ್ತ ಮೊದಲಿಂದ. ಆಟ ಆಡಾಕ ಕುಂತೀವೋ ಶಿಕ್ಷಾ ಅನುಭವಿಸಾಕ ಕುಂತೀವೋ ಗೊತ್ತಾಗಂಗಿಲ್ಲ."

ಮಾರಿಯೋ ಪರವಾಗಿ ನನಗೆ ಸಿಟ್ಟು ಬಂತು. 1985ರ ಆಟ ಅದು. ಈಗಲೂ ಎಲ್ಲಾದರೂ ಅದರ ಸಂಗೀತ ಕೇಳಿದರೆ ನನ್ನ ಹೆಬ್ಬೆರಳು ತಾನಾಗೇ ಅಲ್ಲಾಡುತ್ತದೆ. ಅಂಥದ್ದಕ್ಕೆ ಎಸ್ಸೆಸ್ಸೆಲ್ಸಿ ಲೆಕ್ಕದಲ್ಲೂ ಪಾಸಾಗದಷ್ಟು ಅಂಕ!

ಸಂಜೆ ನವನಗರದ ಚಹಾ ಅಂಗಡಿ ಮುಂದೆ ಈ ಕೇಸು ಇಟ್ಟೆ. ನಮ್ಮ ಗುಂಪಿನಲ್ಲಿ ಎಲ್ಲರೂ ನಲವತ್ತು ದಾಟಿದವರು. ಒಬ್ಬ ವಿಮೆ ಏಜೆಂಟ, ಒಬ್ಬ ಹೈಸ್ಕೂಲ್ ಮಾಸ್ತರ, ಇನ್ನೊಬ್ಬನಿಗೆ ಗೊಬ್ಬರದ ಅಂಗಡಿ.

"ಈಗಿನ ಹುಡುಗರಿಗೆ ಅದರ ರುಚಿ ಏನ್ ಗೊತ್ತಲೇ?" ಅಂದ ಏಜೆಂಟ.

"ಮುಸ್ತಫಾ ಆಡೋ ಒಂದು ರೂಪಾಯಿ ಸಲುವಾಗಿ ಮನ್ಯಾಗ ಎಷ್ಟು ಸುಳ್ಳು ಹೇಳೀವಿ ನಾವು" ಅಂದ ಮಾಸ್ತರ.

ಮುಸ್ತಫಾ ಅಂದರೆ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಆ ಅಸಲಿ ಹೆಸರು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳದಿ ಟೊಪ್ಪಿಗೆಯ ಮುಸ್ತಫಾ ಉಳಿದವರಿಗಿಂತ ಜೋರು ಓಡುತ್ತಿದ್ದ, ಆಟಕ್ಕೇ ಅವನ ಹೆಸರು ಬಿತ್ತು. ನಾವು ಅದನ್ನು ಆಡುತ್ತಿದ್ದ ಅಂಗಡಿ ಹಳೇ ಬಾಗಲಕೋಟೆಯಲ್ಲಿತ್ತು. ಆ ಕಡೆಯ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದವು. ಜನ ನವನಗರದ ಸೆಕ್ಟರ್‌ಗಳಿಗೆ ಬಂದರು, ಅಂಗಡಿ ಮಾತ್ರ ಎಲ್ಲೂ ಬರಲಿಲ್ಲ. ಹೈ ಸ್ಕೋರ್ ಯಾರದಿತ್ತು ಅಂತ ಈಗ ಮೀನುಗಳನ್ನೇ ಕೇಳಬೇಕು.

ಇಪ್ಪತ್ತೈದರ ಒಳಗಿನವರು ಹಳೇ ಗೇಮಿನ ಬಗ್ಗೆ ಬಾಯಿ ತೆರೆಯಬಾರದು ಅಂತ ಸಭೆ ತೀರ್ಮಾನಿಸಿತು. ಗೊಬ್ಬರದ ಅಂಗಡಿಯವನು ಮಾತ್ರ ಚಹಾ ಮುಗಿಸಿ ಎದ್ದು, "ಅವನ್ನ ಮಾಡಿದ್ದು ಹನ್ನೆರಡು ವರ್ಷದ ಹುಡುಗರಿಗೆ. ಹನ್ನೆರಡು ವರ್ಷದಾಂವ ಚಲೋ ಇಲ್ಲ ಅಂದ್ರ, ನಲವತ್ತೈದರ ನೀವು ಅದೇನು ಮ್ಯಾಲಿನ ಕೋರ್ಟೇನು?" ಅಂದು ಹೊರಟುಹೋದ. ಬಿಲ್ಲು ಕೊಡದೆ ಹೋದ. ಅದನ್ನು ನಾನು ಕೊಟ್ಟಿದ್ದಕ್ಕೋ ಏನೋ, ಅವನ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಹೌದಲ್ವಾ? ನಾನು ಮಾರಿಯೋಗೆ ಹತ್ತಕ್ಕೆ ಹತ್ತು ಕೊಡುವಾಗ ಅದರಲ್ಲಿ ಮಾರಿಯೋನದೆಷ್ಟು, ಆಟದ ನಡುವೆ ನಮ್ಮಜ್ಜಿ ತಂದಿಡುತ್ತಿದ್ದ ಸುಸಲಾ ಮಿರ್ಚಿಯದೆಷ್ಟು? ರಿಮೋಟಿನ ಬಟನ್ನಿಗೆಲ್ಲ ಎಣ್ಣೆ ಹತ್ತಿರುತ್ತಿತ್ತು. ಆ ಎಣ್ಣೆಗೂ ನಾನು ಅಂಕ ಕೊಡುತ್ತಿದ್ದೇನೆ. ಹುಡುಗನ ಮುಂದೆ ಇರುವುದು ಬರೀ ಆಟ.

ಇನ್ನೊಂದು ಕತೆ ಇದೆ. ಅಸಲಿ ಆಟ ನಾವೂ ಆಡಿಲ್ಲ. ಮಾರಿಯೋನನ್ನು ಮಾಡಿದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನುವ ಆಟದ ಯಂತ್ರ 1983ರಲ್ಲಿ ಜಪಾನಿನಲ್ಲಿ ಬಂತು. ನಮ್ಮ ಮನೆಗೆ ಬಂದದ್ದು ಅದರ ನಕಲು. ಕ್ಯಾಸೆಟ್ ಮೇಲೆ 999999 ಇನ್ 1 ಅಂತ ಬರೆದಿತ್ತು. ಅಳಿಯನಿಗೆ ಅದನ್ನು ತೋರಿಸಿದೆ. ಅವನು ಪಟ್ಟಿಯನ್ನು ಕೆಳಗಿನ ತನಕ ಓಡಿಸಿ ನೋಡಿ, "ಮಾಮಾ, ಇದರಾಗ ಅವ ಆಟ ಮತ್ತ ಮತ್ತ ಬರಾಕತ್ತಾವು, ಹೆಸರಷ್ಟ ಬ್ಯಾರೆ. ನೀವು ಗ್ರಾಹಕರ ಕೋರ್ಟಿಗೆ ಹೋಗಲಿಲ್ಲೇನು?" ಅಂದ. ನಾವು ಹೋಗಲಿಲ್ಲ. ಬೇರೆ ಹೆಸರಿದ್ದ ಮೇಲೆ ಬೇರೆ ಆಟವೇ ಇರಬೇಕು ಅಂತ ನಂಬಿ, ಒಂದೇ ಆಟವನ್ನು ವರ್ಷಗಟ್ಟಲೆ ಆಡಿದೆವು.

ಮೇಲಾಗಿ ನಮ್ಮದು ಆಗ ಕಪ್ಪು ಬಿಳುಪು ಟಿವಿ. ಮಾರಿಯೋನ ಅಂಗಿ ಯಾವ ಬಣ್ಣದ್ದು ಅಂತ ನನಗೆ ಎಷ್ಟೋ ಕಾಲ ಗೊತ್ತಿರಲಿಲ್ಲ. ಅಳಿಯ ಮೊದಲ ಲೆವೆಲ್ಲಿನಲ್ಲೇ ಆಟ ನಿಲ್ಲಿಸಿ, "ಮೋಡಕ್ಕ ಹಸರ ಬಣ್ಣ ಹಚ್ಚಿ ಗಿಡ ಮಾಡ್ಯಾರ" ಅಂದ. ನೋಡಿದರೆ ಹೌದು. ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಬಣ್ಣವೇ ಇಲ್ಲದ ಟಿವಿಯಲ್ಲಿ ಇದು ನನ್ನ ಕಣ್ಣಿಗೆ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ! ಮೂವತ್ತೆರಡು ಲೆವೆಲ್ಲಿನ ಇಡೀ ಆಟ ಇರುವುದು 40 ಕಿಲೋಬೈಟಿನಲ್ಲಿ. ದಿನಾ ಬೆಳಿಗ್ಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡವನ್ನೇ ನೆಲಕ್ಕಿಳಿಸಿದ್ದಾರೆ. ಇದನ್ನು ಹೇಳಿದಾಗ ಅಳಿಯ ಸ್ವಲ್ಪ ಹೊತ್ತು ಸುಮ್ಮನಾದ. ಅಂಕ ಏರಿಸಲಿಲ್ಲ, ಆದರೆ ಸುಮ್ಮನಾದ.

ಸೇವ್ ಇಲ್ಲ ಅನ್ನುವ ದೂರಿಗೆ ನಮ್ಮ ಗುಂಪಿನವರು ನಕ್ಕಿದ್ದೇ ನಕ್ಕಿದ್ದು. ನಮ್ಮ ಕಾಲದಲ್ಲಿ ಕಷ್ಟಪಟ್ಟು ಆಡಬೇಕಿತ್ತು ಅನ್ನುತ್ತಾರೆ. ಎಲ್ಲಿಯ ಕಷ್ಟ? ಕಾಂಟ್ರಾ ಅನ್ನುವ ಆಟ ಶುರುವಾಗುವ ಮುಂಚೆ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಮಂತ್ರ ಒತ್ತಿ ಮೂವತ್ತು ಜೀವ ತಗೊಳ್ಳುತ್ತಿದ್ದವರು ಇದೇ ಮಹಾನುಭಾವರು. ಆ ಮಂತ್ರ ಹುಟ್ಟಿದ್ದು 1986ರ ಗ್ರೇಡಿಯಸ್ ಅನ್ನುವ ಇನ್ನೊಂದು ಆಟದಲ್ಲಿ. ಕಝುಹಿಸಾ ಹಶಿಮೊಟೊ ಅನ್ನುವವರು ಅದನ್ನು ಮನೆ ಯಂತ್ರಕ್ಕೆ ಇಳಿಸುವಾಗ, ಪರೀಕ್ಷೆಗೆ ಆಡಿ ನೋಡಲು ತಮಗೇ ಕಷ್ಟ ಆಗುತ್ತದೆ ಅಂತ ಇಟ್ಟುಕೊಂಡ ಕಳ್ಳದಾರಿ ಅದು. ಮಾಡಿದವರಿಗೇ ಆಡಲು ಆಗದ್ದನ್ನು ಅಳಿಯ ಕಷ್ಟ ಅಂದರೆ ತಪ್ಪೇನು? ಈಗ ನಿಂಟೆಂಡೊದವರೇ ತಮ್ಮ ಹಳೇ ಆಟಗಳಿಗೆ ಹಿಂದಕ್ಕೆ ತಿರುಗಿಸುವ ಸೌಲಭ್ಯ ಕೊಟ್ಟಿದ್ದಾರೆ.

ಹುಡುಗರ ತೀರ್ಪನ್ನು ಹಗುರ ಮಾಡಬಾರದು ಅನ್ನುವುದಕ್ಕೆ ಅಟಾರಿ ಕಂಪನಿಯೇ ಸಾಕ್ಷಿ. 1982ರಲ್ಲಿ ಒಂದು ಹಿಟ್ ಸಿನಿಮಾದ ಮೇಲೆ ಐದೇ ವಾರದಲ್ಲಿ ಇ.ಟಿ. ಅನ್ನುವ ಆಟ ಮಾಡಿಸಿ ರಾಶಿ ರಾಶಿ ಬಿಟ್ಟರು. ಹುಡುಗರು ಆಡಿ ನೋಡಿ, ಗುಂಡಿಯಲ್ಲಿ ಬಿದ್ದು ಬಿದ್ದು ಬೇಸತ್ತರು. ಉಳಿದ ಮಾಲನ್ನು ಮರುವರ್ಷ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಕಸದ ಜೊತೆ ಹೂತರು. 2014ರಲ್ಲಿ ದೊಡ್ಡವರು ಹೋಗಿ ಅಗೆದು ತೆಗೆದು ಸಂಭ್ರಮಪಟ್ಟರು. ಇನ್ನು ಟೆಟ್ರಿಸ್ ನೋಡಿ. ನಿಂಟೆಂಡೊದ 1989ರ ಟೆಟ್ರಿಸ್ಸನ್ನು ಅದು ಹ್ಯಾಂಗ್ ಆಗುವ ತನಕ ಆಡಿದ ಮೊದಲ ಮನುಷ್ಯ ಒಕ್ಲಹೋಮಾದ ವಿಲ್ಲಿಸ್ ಗಿಬ್ಸನ್. 2023ರ ಡಿಸೆಂಬರಿನಲ್ಲಿ, 157ನೇ ಲೆವೆಲ್ಲಿನಲ್ಲಿ. ಆಗ ಅವನಿಗೆ 13 ವರ್ಷ. ನನ್ನ ವಯಸ್ಸಿನವರಿಗೆ ಅದಕ್ಕೂ ಮುಂಚೆ ಮೂವತ್ನಾಲ್ಕು ವರ್ಷ ಟೈಮಿತ್ತು.

ಇಷ್ಟೆಲ್ಲ ಅಳಿಯನ ಪರ ವಾದಿಸಿದ ಮೇಲೂ ಒಂದು ಮುಳ್ಳು ಉಳಿದಿತ್ತು. ಅವನು ಮಾರಿಯೋ ಆಡಿದ್ದು ಫೋನಿನ ಗಾಜಿನ ಮೇಲೆ ಬೆರಳು ಜಾರಿಸಿ. ಬಟನ್ ಒತ್ತಿ ಆಡುವ ಆಟ ಅಲ್ವಾ ಅದು? ಕೈಗೆ ರಿಮೋಟ್ ಕೊಟ್ಟೇ ಕೇಳೋಣ ಅಂತ ಅಟ್ಟದಿಂದ ಇಳಿಸಿದ್ದ ಡಬ್ಬವನ್ನು ನಮ್ಮ ದೊಡ್ಡ ಎಲ್‌ಇಡಿ ಟಿವಿಗೆ ಸಿಗಿಸಿದೆ. ಅಲ್ಲಿಂದ ಗ್ರಹಚಾರ ಶುರು.

ಮೊದಲಿಗೆ ಕ್ಯಾಸೆಟ್ ಹತ್ತಲಿಲ್ಲ. ಅಭ್ಯಾಸ ಬಲ, ತೆಗೆದು ಉಫ್ ಅಂತ ಊದಿದೆ. "ಮಾಮಾ, ಉಗುಳು ಬಿತ್ತು. ಅದರಿಂದ ತಾಮ್ರ ಕೆಡ್ತೈತಿ" ಅಂದ ಅಳಿಯ. ನಿಜ, ಊದಬೇಡಿ ಅಂತ ಕಂಪನಿಯೇ ಹೇಳಿತ್ತು. ಕೊನೆಗೆ ಚಿತ್ರ ಬಂತು. ಮಾರಿಯೋ ಪರದೆಗೆ ತಕ್ಕಂತೆ ಅಗಲವಾಗಿದ್ದ. ಬಟನ್ ಒತ್ತಿದರೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಹಾರುತ್ತಿದ್ದ. ಎದುರು ಬರುವ ಮೊದಲ ಅಣಬೆಗೇ ಸತ್ತ.

ಇದು ಬೇಡ ಅಂತ ಬಂದೂಕು ತೆಗೆದೆ. ಡಕ್ ಹಂಟ್, 1984ರದು. ಹುಲ್ಲಿನಿಂದ ಬಾತುಕೋಳಿ ಏಳುತ್ತದೆ, ಒಂದಕ್ಕೆ ಮೂರು ಗುಂಡು. ತಪ್ಪಿದರೆ ನಾಯಿ ಎದ್ದು ನಿಂತು ಕಿಸಿಕಿಸಿ ನಗುತ್ತದೆ. ಅಳಿಯ ಹೊಡೆದ, ನಾಯಿ ನಕ್ಕಿತು. ಮತ್ತೆ ಹೊಡೆದ, ಮತ್ತೆ ನಕ್ಕಿತು. ಕೊಡಿಲ್ಲಿ ಅಂತ ನಾನು ಇಸಿದುಕೊಂಡು ಹೊಡೆದೆ. ಅದೇ ನಗು. ಧಾರಾವಾಹಿ ತಪ್ಪಿಸಿಕೊಂಡು ಕೂತಿದ್ದ ಅವ್ವ, "ಆ ನಾಯಿ ನಿನ್ನ ನೋಡಿ ಯಾಕ ನಗಾಕತ್ತೈತಿ?" ಅಂದಳು. ಸಿಟ್ಟಿನಲ್ಲಿ ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಬಂದೂಕಿನ ಮೂತಿ ಪರದೆಗೆ ಠಕ್ ಅಂತ ಬಡಿಯಿತು. ಆ ಸದ್ದಿಗೆ ಅಡುಗೆಮನೆಯಿಂದ ನನ್ನ ಹೆಂಡತಿ ಲಟ್ಟಣಿಗೆ ಸಮೇತ ಬಂದಳು. ಟಿವಿಯ ಕಂತು ಇನ್ನೂ ಮುಗಿದಿಲ್ಲ.

ತಪ್ಪು ಬಂದೂಕಿನದಲ್ಲ. ಅದರಿಂದ ಏನೂ ಹೊರಗೆ ಹೋಗುವುದಿಲ್ಲ, ಅದರ ಮೂತಿಯೊಳಗೆ ಒಂದು ಕಣ್ಣಿದೆ. ಕುದುರೆ ಎಳೆದ ತಕ್ಷಣ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಕಣ್ಣು ಆ ಕಪ್ಪನ್ನೂ ಬಿಳುಪನ್ನೂ ಸರಿಯಾದ ಹೊತ್ತಿಗೆ ಕಂಡರೆ ಹಕ್ಕಿ ಬಿತ್ತು ಅಂತ ಲೆಕ್ಕ. ಮೊದಲು ಕಪ್ಪು ಮಾಡುವುದು ನಮ್ಮಂಥ ಕಳ್ಳರಿಗಾಗಿ. ಇಲ್ಲದಿದ್ದರೆ ಬಲ್ಬಿಗೆ ಗುರಿ ಇಟ್ಟು ಕೂತಲ್ಲೇ ಎಲ್ಲ ಹಕ್ಕಿ ಹೊಡೆಯುತ್ತಿದ್ದೆವು. ಹಳೇ ಡಬ್ಬಾ ಟಿವಿ ಈ ಚಿತ್ರವನ್ನು ಬಂದ ಕೂಡಲೇ ತೋರಿಸುತ್ತದೆ. ಹೊಸ ಟಿವಿ ಅದನ್ನು ತಿದ್ದಿ ತೀಡಿ ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿರುತ್ತದೆ. ಅಂದರೆ ಹೊಸ ಟಿವಿಯಲ್ಲಿ ಈ ಆಟ ಆಡಿ ಯಾರು ಅಂಕ ಕೊಟ್ಟರೂ ಸುಳ್ಳೇ. ಹನ್ನೆರಡು ವರ್ಷದವನಾಗಲಿ, ಅರವತ್ತರವನಾಗಲಿ. ಬೇಕಾದದ್ದು ಸರಿಯಾದ ಟಿವಿ. ವಯಸ್ಸಿನ ಸರ್ಟಿಫಿಕೇಟ್ ತಗೊಂಡು ಏನು ಮಾಡೋಣ?

ಡಬ್ಬಾ ಟಿವಿ ಅಟ್ಟದ ಮೂಲೆಯಲ್ಲಿತ್ತು. ಕಪ್ಪು ಬಿಳುಪಿನ ನಂತರ ಅಪ್ಪ ಕೊಂಡ ಕಲರ್ ಟಿವಿ. ಹಳೇ ಊರು ಬಿಟ್ಟು ಬರುವಾಗ ಎತ್ತಿಟ್ಟಿದ್ದು, ಮತ್ತೆ ಯಾರೂ ಮುಟ್ಟಿರಲಿಲ್ಲ. ಇಳಿಸಲು ಗೊಬ್ಬರದ ಅಂಗಡಿಯವನನ್ನೇ ಕರೆದೆ, ಚೀಲ ಎತ್ತಿದ ಕೈ. ಡಬ್ಬಾ ಟಿವಿಯ ಭಾರವೆಲ್ಲ ಮುಂದಿನ ಗಾಜಿನಲ್ಲಿರುತ್ತದೆ. ಹಿಂದೆ ಹಿಡಿದವನು ನಾನು ಹಗುರ ಐತಿ ಅಂತಿದ್ದೆ, ಮುಂದೆ ಹಿಡಿದವನು ಏಣಿಯ ಮೇಲೆ ನಮ್ಮ ಮನೆತನವನ್ನೇ ಬೈಯುತ್ತಿದ್ದ. ಒಳಗಿಂದ ಹಲ್ಲಿಯ ಇಡೀ ಸಂಸಾರ ಹೊರಬಿತ್ತು.

ಸ್ವಿಚ್ ಹಾಕಿದೆ. ಧೂಳು ಸುಟ್ಟ ವಾಸನೆ ಬಂತು, ಆಮೇಲೆ ಚಿತ್ರ. ಅಳಿಯ ಮೊಣಕೈಯನ್ನು ಗಾಜಿನ ಹತ್ತಿರ ತಂದು, ಕೂದಲು ನೆಟ್ಟಗಾಗುವುದನ್ನು ನೋಡಿ ನಕ್ಕ. ಆಮೇಲೆ ಕಿವಿ ಮುಚ್ಚಿಕೊಂಡು, "ಮಾಮಾ, ಇದು ಕಿಂಯ್ ಅಂತೈತಿ. ಬಂದ್ ಮಾಡು" ಅಂದ. ನನಗೇನೂ ಕೇಳಲಿಲ್ಲ. ಗೊಬ್ಬರದವನಿಗೂ ಕೇಳಲಿಲ್ಲ. ಹಳೇ ಟಿವಿಯಿಂದ ಹದಿನೈದು ಸಾವಿರ ಹರ್ಟ್ಸ್‌ಗೂ ಮೇಲಿನ ಸಣ್ಣ ಶಿಳ್ಳೆ ಬರುತ್ತದೆ, ನಮ್ಮ ವಯಸ್ಸಿಗೆ ಕಿವಿ ಅಷ್ಟು ಎತ್ತರ ಹತ್ತುವುದಿಲ್ಲ. ನಾನು ಚಿಕ್ಕವನಿದ್ದಾಗ ಬೀದಿಯಲ್ಲಿ ನಿಂತೇ ಯಾರ ಮನೆ ಟಿವಿ ಹಚ್ಚಿದೆ ಅಂತ ಹೇಳುತ್ತಿದ್ದೆ. ಈಗ ಆ ಟಿವಿಯ ಪೂರ್ತಿ ರಿವ್ಯೂ ಮಾಡಲು ಈ ಮನೆಯಲ್ಲಿ ಯೋಗ್ಯತೆ ಇರುವುದು ಅವನೊಬ್ಬನಿಗೇ.

ಬಂದೂಕು ಸರಿಯಾಗಿ ಹೊಡೆಯತೊಡಗಿತು. ಹಕ್ಕಿ ಬೀಳುತ್ತಿದ್ದಂತೆ ಅಳಿಯ ಕೂಗಿದ ಕೂಗಿಗೆ ಪಕ್ಕದ ಮನೆಯವರು ಐಪಿಎಲ್ ಅಂದುಕೊಂಡರು. ಆದರೂ ಮನುಷ್ಯ ಕರಗಲಿಲ್ಲ. "ಬಂದೂಕಿಗೆ ಒಂಬತ್ತು. ಆಟಕ್ಕ ನಾಕು. ಬರೇ ಅದ ಅದ ಬರ್ತೈತಿ" ಅಂದ. ಸರಿಯಾಗೇ ಹೇಳಿದ ಅನಿಸಿತು. ಆದರೆ "ಭಾಳ ಈಜಿ ಐತಿ" ಅಂದಾಗ ನಾನು ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಆ ಬಾತುಕೋಳಿಗಳು ಭಾರಿ ಚಾಲಾಕಿ ಇದ್ದವು. ಗುರಿ ಇಟ್ಟ ಕೂಡಲೇ ತಿರುಗಿ ಎಲ್ಲೆಲ್ಲೋ ಹೋಗುತ್ತಿದ್ದವು. ಇವು ಯಾಕೋ ನೆಟ್ಟಗೆ ಹೋಗುತ್ತಿವೆ.

ಅಷ್ಟೊತ್ತಿಗೆ ಮಗನನ್ನು ಕರೆದುಕೊಂಡು ಹೋಗಲು ಅಕ್ಕ ಬಂದಳು. ಚೀಲ ಇಟ್ಟು, ನೀರು ಕುಡಿದು, ಟಿವಿ ನೋಡಿ ನಕ್ಕು, ನಮ್ಮ ಹಿಂದೆ ಕೂತಳು. ತಕ್ಷಣ ಬಾತುಕೋಳಿಗಳಿಗೆ ಏನೋ ಆಯಿತು. ಅಳಿಯ ಎಡಕ್ಕೆ ಗುರಿ ಇಟ್ಟರೆ ಬಲಕ್ಕೆ, ಬಲಕ್ಕೆ ಇಟ್ಟರೆ ಸರಕ್ಕನೆ ಮೇಲಕ್ಕೆ. "ನೋಡಲೇ, ನಮ್ಮ ಕಾಲದಾಗ ಹಿಂಗ ಇತ್ತು!" ಅಂತ ನಾನು ಕುಣಿದೆ. ಅಳಿಯ ಹಿಂದೆ ತಿರುಗಿ ನೋಡಿದ. ಅಕ್ಕನ ಸೆರಗಿನ ಕೆಳಗೆ ಒಂದನೇ ರಿಮೋಟ್ ಇತ್ತು.

ಒಂದೇ ಹಕ್ಕಿ ಹಾರುವ ಆಟದಲ್ಲಿ ಆ ರಿಮೋಟ್ ಹಿಡಿದವರು ಹಕ್ಕಿಯನ್ನು ತಮಗೆ ಬೇಕಾದಲ್ಲಿ ಓಡಿಸಬಹುದಂತೆ. ನಾನು ಬಂದೂಕು ಹಿಡಿದು ಕೂತ ದಿನಗಳಲ್ಲೆಲ್ಲ ಅಕ್ಕ ಹಿಂದೆ ಸುಮ್ನೆ ಕೂತಿರುತ್ತಿದ್ದಳು. ಆಟ ಆರಿಸಿ ಕೊಡಲು ರಿಮೋಟ್ ಅವಳ ಕೈಯಲ್ಲೇ ಇರುತ್ತಿತ್ತು.

"ಅವಾಗೂ ನೀನಏನು?" ಅಂದೆ.

"ಮತ್ತ? ಒಂದಿನಾನೂ ಬಂದೂಕು ನನ್ನ ಕೈಯಾಗ ಕೊಟ್ಟಿಯೇನು ನೀ?" ಅಂದಳು.

ಗೊಬ್ಬರದವನು ಗೋಡೆಗೆ ಒರಗಿ ನಗಲು ಶುರುಮಾಡಿದ. ಅಳಿಯ ಫೋನ್ ತೆಗೆದು ರೆಕಾರ್ಡಿಂಗ್ ಹಚ್ಚಿದ. ನಾನು ಬಂದೂಕನ್ನು ಅಕ್ಕನ ಕಡೆ ಚಾಚಿದೆ, ತಗೋ ಈಗಾದರೂ ಅಂತ.

"ಬ್ಯಾಡೋ, ನನಗ ಬಾತುಕೋಳೀನ ಚಲೋ" ಅಂದು ಅಕ್ಕ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕೂತಳು. "ನೀ ಹೊಡಿ."