ಹೈವೇ ಪೆಗ್ ಅಂದ್ರೆ ನೀವಂದುಕೊಂಡ ಪೆಗ್ ಅಲ್ಲ

ಇವತ್ತು ಬೆಳಿಗ್ಗೆ ಪೆಟ್ರೋಲ್ ಬಂಕಲ್ಲಿ ನಿಂತಿದ್ದೆ. ಪಕ್ಕದಲ್ಲಿ ನಾಲ್ಕು ಬೈಕು ಬಂದು ನಿಂತವು. ಅದರಲ್ಲೊಬ್ಬ ಹುಡುಗ ನನ್ನ ಬೈಕಿನ ಕ್ರ್ಯಾಶ್ ಗಾರ್ಡಿನ (ಗಾಡಿ ಬಿದ್ದರೆ ಪೆಟ್ಟು ತಡೆಯೋಕೆ ಮುಂದೆ ಹಾಕೋ ಪೈಪಿನ) ಮೇಲಿದ್ದ ಹೈವೇ ಪೆಗ್, ಅಂದರೆ ಕಾಲು ಮುಂದಕ್ಕೆ ಚಾಚಿ ಇಡೋ ಹೆಚ್ಚುವರಿ ಫುಟ್‌ರೆಸ್ಟ್ ನೋಡಿ, "ಏನ್ ಅಂಕಲ್, ದಿಂಬು ತಂದಿಲ್ವಾ?" ಅಂದ. ಉಳಿದ ಮೂವರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡೋದು. ಆದರೆ ಆ ಮಹಾಶಯ ಗಾಡಿ ಇಳಿದದ್ದನ್ನು ನೀವು ನೋಡಬೇಕಿತ್ತು. ಕಾಲೆತ್ತಿ ಸೀಟು ದಾಟಿಸೋಕೆ ಎರಡು ಸಲ ಒದ್ದಾಡಿದ. ಇಳಿದವನು ಟ್ಯಾಂಕ್ ಹಿಡಿದುಕೊಂಡು ಹಾಗೇ ನಿಂತ. ಮಂಡಿ ನೆಟ್ಟಗಾಗೋದಕ್ಕೇ ಅರ್ಧ ನಿಮಿಷ ಬೇಕಾಯ್ತು. ವಯಸ್ಸು ಇಪ್ಪತ್ತೈದು ಇದ್ದೀತು. ದಿಂಬು ಯಾರಿಗೆ ಬೇಕಿತ್ತು ಹೇಳಿ.

ಅವನ ಗಾಡಿ ಮಾತ್ರ ಮದುಮಗನ ಹಾಗಿತ್ತು. ಮುಂದೆ ನಾಲ್ಕು ಫಾಗ್ ಲೈಟು. ಮೂರು ರಸ್ತೆಯಾಚೆಗೂ ಕೇಳುವ ಸೈಲೆನ್ಸರ್. ಹೆಲ್ಮೆಟ್ಟಿಗೆ ಕ್ಯಾಮೆರಾ. ಟ್ಯಾಂಕ್ ತುಂಬಾ ಸ್ಟಿಕ್ಕರ್. ಎಲ್ಲವೂ ನೋಡೋರಿಗೆ. ಮೇಲೆ ಕೂತು ಓಡಿಸೋನ ಕಾಲಿಗೆ ಏನಿತ್ತು? ಏನೂ ಇಲ್ಲ. ನನ್ನ ತಕರಾರು ಇಷ್ಟೇ.

ಬೈಕಿನ ಮೇಲೆ ಕಾಲಿಗೆ ಇರೋದು ಒಂದೇ ಜಾಗ. ಮಂಡಿ ಎಷ್ಟು ಮಡಚಿದೆಯೋ ಅಷ್ಟೇ ಮಡಚಿಕೊಂಡು ಗಂಟೆಗಟ್ಟಲೆ ಕೂರಬೇಕು. ಬಸ್ಸಲ್ಲಿ ಕೂತವನಾದರೂ ಆಗಾಗ ಕಾಲು ಚಾಚುತ್ತಾನೆ, ಬೇಡವೆಂದರೆ ಎದ್ದು ನಿಲ್ಲುತ್ತಾನೆ. ನಮಗೆ ಆ ಭಾಗ್ಯವಿಲ್ಲ. ಮೊದಲು ಮಂಡಿಚಿಪ್ಪಿನ ಹಿಂದೆಲ್ಲೋ ಚುಳುಕ್ ಅನ್ನುತ್ತದೆ. ಆಮೇಲೆ ತೊಡೆಯ ಹಿಂಭಾಗ ಬಿಗಿಯುತ್ತದೆ. ಅದು ಬಿಗಿದರೆ ಸೊಂಟವನ್ನೂ ಜಗ್ಗುತ್ತದೆ. ಪಾದ ಜೋಮು ಹಿಡಿಯುವ ಹೊತ್ತಿಗೆ ರಸ್ತೆ ಮೇಲಿನ ಗಮನ ಹೋಗಿ, ಮುಂದಿನ ಬಂಕ್ ಎಷ್ಟು ದೂರ ಅನ್ನೋದೊಂದೇ ತಲೆಯಲ್ಲಿ ಉಳಿದಿರುತ್ತದೆ. ಹೈವೇ ಪೆಗ್ ಕೊಡುವುದು ಕಾಲಿಗೆ ಎರಡನೇ ಜಾಗ. ಹತ್ತು ನಿಮಿಷ ಕಾಲು ಮುಂದಕ್ಕೆ ಚಾಚಿ, ಮತ್ತೆ ಮಾಮೂಲಿ ಫುಟ್‌ರೆಸ್ಟಿಗೆ ತಂದರೆ ಸಾಕು. ದಿನವಿಡೀ ಚಾಚಿಕೊಂಡೇ ಇರಿ ಅಂತ ಯಾರೂ ಹೇಳಿಲ್ಲ. ಹಾಗಿದ್ದರೆ ಅದೂ ಕೆಟ್ಟದ್ದೇ. ಕಾಲು ಮುಂದಿರುವಾಗ ಮೈಭಾರವೆಲ್ಲ ಸೀಟಿನ ಮೇಲೆ, ಬೆನ್ನುಮೂಳೆಯ ಬುಡಕ್ಕೆ. ಹಂಪ್ ಬಂದರೆ ಕುಂಡೆ ಎತ್ತಿ ನಿಲ್ಲೋಕೆ ಆಗಲ್ಲ, ಏಟು ನೇರ ಬೆನ್ನಿಗೆ.

ಇನ್ನು ನಮ್ಮ ವೀರರ ಇನ್ನೊಂದು ಪಂಗಡವಿದೆ. ಪೆಗ್ ಯಾಕೆ, ಕ್ರ್ಯಾಶ್ ಗಾರ್ಡ್ ಮೇಲೇ ಕಾಲಿಟ್ಟರೆ ಆಯ್ತಲ್ಲ ಅನ್ನೋರು. ತಪ್ಪೊಪ್ಪಿಕೊಳ್ಳುತ್ತೇನೆ, ನಾನೂ ಎರಡು ವರ್ಷ ಅದೇ ಪಂಗಡದಲ್ಲಿದ್ದೆ. ಪೆಗ್ ಹಾಕಿಸಿದರೆ ವಯಸ್ಸಾಯ್ತು ಅಂತಾರೆ ಅನ್ನೋ ನಾಚಿಕೆ. ಒಂದು ದಿನ ಸಣ್ಣ ಮಳೆ ಬಂದು ನಿಂತಿತ್ತು. ಕ್ರೋಮ್ ಪೈಪು ದುಂಡಗೆ, ನುಣ್ಣಗೆ, ಒದ್ದೆ. ಎಪ್ಪತ್ತರ ವೇಗದಲ್ಲಿ ಬಲಗಾಲಿನ ಶೂ ಜಾರಿ, ಹಿಮ್ಮಡಿ ರಸ್ತೆಗೆ ತಾಗಿ ಹಿಂದಕ್ಕೆ ಎಳೆದುಕೊಂಡು ಹೋಯ್ತು. ಕಾಲು ಮುರಿಯಲಿಲ್ಲ, ಅದೃಷ್ಟ. ಶೂ ಹಿಮ್ಮಡಿಯ ಒಂದು ಮೂಲೆ ಅರ್ಧಚಂದ್ರದ ಹಾಗೆ ಸವೆದುಹೋಗಿತ್ತು. ಮನೆಯಲ್ಲಿ ಕೇಳಿದಾಗ ಕಲ್ಲಿಗೆ ಉಜ್ಜಿತು ಅಂದೆ. ಇವತ್ತು ಇಲ್ಲಿ ನಿಜ ಹೇಳುತ್ತಿದ್ದೇನೆ, ಓದಿದರೆ ಬೈಸಿಕೊಳ್ಳೋದು ಗ್ಯಾರಂಟಿ.

ಹಾಕಿಸಿಕೊಂಡವರ ಕಥೆಯೂ ಅಷ್ಟಕ್ಕಷ್ಟೇ. ಸುಮಾರು ಜನ ಗಾಡಿ ನೋಡಿ ಹಾಕಿಸುತ್ತಾರೆ, ಕಾಲು ನೋಡಿ ಹಾಕಿಸಲ್ಲ. ಎಲ್ಲಿದ್ದರೆ ಫೋಟೋದಲ್ಲಿ ಚೆಂದ ಕಾಣುತ್ತೋ ಅಲ್ಲಿ. ನನ್ನದನ್ನು ಮೊದಲು ಹಾಕಿದವನೂ ಹಾಗೇ ಮಾಡಿದ್ದ. ಎಷ್ಟು ಮೇಲೆ ಅಂದರೆ, ಮಂಡಿ ಹ್ಯಾಂಡಲ್ ಹತ್ತಿರ ಬಂದು ನಾನು ಹೆರಿಗೆ ಮಂಚದ ಮೇಲೆ ಮಲಗಿದಂತೆ ಕಾಣುತ್ತಿದ್ದೆ. ಮನೆಗೆ ತಂದು ಬಿಚ್ಚಿ ನಾನೇ ಕೂರಿಸಿದೆ. ಸ್ನೇಹಿತನೊಬ್ಬ ಗಾಡಿ ನೆಟ್ಟಗೆ ಹಿಡಿದ. ನಾನು ಯಾವಾಗಲೂ ಕೂರೋ ಹಾಗೆ ಕೂತು, ಕಣ್ಣು ಮುಚ್ಚಿ ಕಾಲು ಚಾಚಿದೆ. ಪಾದ ತಾನಾಗಿ ಎಲ್ಲಿ ಹೋಗಿ ನಿಂತಿತೋ ಅಲ್ಲಿ ಪೈಪಿಗೆ ಕಪ್ಪು ಟೇಪ್ ಸುತ್ತಿಸಿದೆ. ಮಂಡಿಯಲ್ಲಿ ಚೂರು ಬಾಗು ಉಳಿದಿರಬೇಕು, ಪೂರ್ತಿ ನೆಟ್ಟಗಾದರೆ ಪ್ರತಿ ಕುಲುಕೂ ಮಂಡಿಗೇ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಏನೂ ತಾಗಲ್ಲ ಅಂತ ನೋಡಿದೆ. ಮೀನಖಂಡಕ್ಕೆ ಸೈಲೆನ್ಸರ್ ಪೈಪಿನ ಬಿಸಿ ಹೊಡೆಯುತ್ತಾ ಅಂತಲೂ.

ಪೆಗ್ಗನ್ನು ಪೈಪಿಗೆ ಬಿಗಿಯೋ ಕ್ಲಾಂಪಿನ ವಿಷಯಕ್ಕೆ ಕೈಯಂದಾಜು ಬೇಡ. ಪೈಪುಗಳು 25 ಎಂಎಂ ಇರುತ್ತವೆ, 32 ಇರುತ್ತವೆ, 38ರವೂ ಇವೆ. ಅಳೆಯೋಕೆ ಸಾಧನ ಇಲ್ಲದಿದ್ದರೆ ಪೈಪಿಗೆ ಒಂದು ಸುತ್ತು ನೂಲು ಹಾಕಿ ಉದ್ದ ನೋಡಿ, 3.14ರಿಂದ ಭಾಗಿಸಿ. ನೂಲು 80 ಎಂಎಂ ಬಂದರೆ ಪೈಪು 25ರದ್ದು. ಒಳಗೆ ರಬ್ಬರ್ ಪಟ್ಟಿ ಇರಲಿ, ಇಲ್ಲದಿದ್ದರೆ ಬಣ್ಣವೂ ಹೋಗುತ್ತದೆ, ಕ್ಲಾಂಪೂ ಜಾರುತ್ತದೆ. ಪೆಗ್ ಮಡಚುವಂಥದ್ದೇ ಇರಲಿ. ತಿರುವಿನಲ್ಲಿ ಗಾಡಿ ಬಾಗಿ ನೆಲಕ್ಕೆ ತಾಗಿದರೆ ಮೇಲಕ್ಕೆ ಮಡಚಿಕೊಳ್ಳಬೇಕು, ಗೂಟದ ಹಾಗೆ ನೆಲಕ್ಕೆ ನಾಟಿಕೊಳ್ಳಬಾರದು.

"ಕಾಲು ಮುಂದಿದ್ದರೆ ಬ್ರೇಕ್ ಸಿಗಲ್ಲ, ಅಪಾಯ" ಅಂತ ಈಗಾಗಲೇ ಯಾರೋ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಸರಿ, ಲೆಕ್ಕ ನಾನೇ ಕೊಡುತ್ತೇನೆ. ಎಂಬತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಪೆಡಲ್ ಹುಡುಕೋಕೆ ಒಂದು ಸೆಕೆಂಡ್ ಹೋದರೆ ಅಷ್ಟು ದೂರ ಹೋಯ್ತು. ಅದಕ್ಕೇ ಖಾಲಿ ನೇರ ರಸ್ತೆ ಬಿಟ್ಟು ಬೇರೆಲ್ಲೂ ಕಾಲೆತ್ತಲ್ಲ. ಅಲ್ಲೂ ಒಂದೊಂದೇ ಕಾಲು ಚಾಚುತ್ತೇನೆ. ಎಡಗಾಲು ಮುಂದಿದ್ದಾಗ ಬಲಗಾಲು ಬ್ರೇಕ್ ಮೇಲೇ ಇರುತ್ತದೆ. ಬಲಗಾಲಿನ ಸರದಿ ಬಂದಾಗ ಕೈಬೆರಳು ಮುಂದಿನ ಚಕ್ರದ ಬ್ರೇಕ್ ಲಿವರ್ ಮೇಲೆ. ಗಾಡಿಯನ್ನು ಜಾಸ್ತಿ ನಿಲ್ಲಿಸುವುದು ಹೇಗೂ ಮುಂದಿನ ಬ್ರೇಕೇ. ಅಲ್ಲಾ ಸ್ವಾಮಿ, ಜೋಮು ಹಿಡಿದ ಕಾಲಿಗೆ ಬ್ರೇಕ್ ಪೆಡಲ್ ಪಕ್ಕದಲ್ಲೇ ಇದ್ದು ಏನು ಪ್ರಯೋಜನ? ಅದರ ಬಗ್ಗೆ ಯಾರೂ ಕಾಮೆಂಟ್ ಹಾಕಲ್ಲ.

ಆ ಹುಡುಗ ಹೊರಡುವಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಂತೇ ಗಾಡಿ ಓಡಿಸಿಕೊಂಡು ಹೋದ. ಜೊತೆಯವರು ಸ್ಟೈಲು ಅಂದುಕೊಂಡರು. ಯಾಕೆ ನಿಂತ ಅಂತ ನನಗೆ ಗೊತ್ತು.

ಈಗ ಮನೆಗೆ ಬಂದು ನೋಡಿದರೆ ಎಡಗಡೆ ಪೆಗ್ ಟೇಪಿನ ಗುರುತಿಗಿಂತ ಒಂದು ಬೆರಳು ಕೆಳಗೆ ಜಾರಿದೆ. ಅಲೆನ್ ಕೀ ಹುಡುಕೋಕೆ ಹೋಗುತ್ತಿದ್ದೇನೆ. ಪೆಗ್ ಜೋಕ್ ಇರೋರು ಅಷ್ಟರಲ್ಲಿ ಹಾಕಿಬಿಡಿ. "ಹೈವೇಲಿ ಪೆಗ್ ಹಾಕಿದ್ರೆ ಪೊಲೀಸ್ ಹಿಡಿಯಲ್ವಾ" ಅನ್ನೋದು ಹನ್ನೊಂದು ಸಲ ಆಗಿದೆ, ಬೇರೆ ಏನಾದರೂ ಯೋಚಿಸಿ.