ಪಿಚ್ಚರ್ ಹೆಂಗೈತೆ? ವಕೀಲರನ್ನ ಕೇಳಿ ಹೇಳ್ತೀನಿ

ಇನ್ನು ಮುಂದೆ ದಾವಣಗೆರೆಯಲ್ಲಿ ಯಾರಾದರೂ ‘ಪಿಚ್ಚರ್ ಹೆಂಗೈತಲೇ?’ ಅಂತ ಕೇಳಿದರೆ ಥಟ್ಟನೆ ಬಾಯಿ ಬಿಡಬೇಡಿ. ಮೊದಲು ಗುಂಡಿ ಸರ್ಕಲ್ ಆಸುಪಾಸಿನಲ್ಲಿ ಒಬ್ಬ ಒಳ್ಳೆಯ ವಕೀಲರನ್ನು ಗೊತ್ತುಮಾಡಿಕೊಳ್ಳಿ. 2025ರ ಡಿಸೆಂಬರಿನಲ್ಲಿ ದೊಡ್ಡ ದೊಡ್ಡ ಕನ್ನಡ ಸಿನಿಮಾಗಳು ಬಂದಾಗ ಟಿಕೆಟ್ ಆ್ಯಪ್ ತೆರೆದವರಿಗೆ ಕಂಡದ್ದೇನು ಎಂಬುದು ಗೊತ್ತೇ ಇದೆ. ನಕ್ಷತ್ರಗಳಿರಬೇಕಾದ ಜಾಗದಲ್ಲಿ, ರೇಟಿಂಗ್, ವಿಮರ್ಶೆ ನಿಲ್ಲಿಸಲು ಸಿನಿಮಾದವರು ತಂದ ನ್ಯಾಯಾಲಯದ ಆದೇಶ. ರೇಟಿಂಗ್ ಇಲ್ಲ, ವಿಮರ್ಶೆ ಇಲ್ಲ, ದುಡ್ಡು ಕಟ್ಟುವ ಗುಂಡಿ ಮಾತ್ರ ಇದೆ. ಆ ಗುಂಡಿಗೆ ಯಾವ ಕೋರ್ಟಿನ ತಡೆಯಾಜ್ಞೆಯೂ ಇಲ್ಲ.

ಎಂಥ ದೂರದೃಷ್ಟಿ! ನಮ್ಮ ಸಿನಿಮಾದವರು ಇದರಲ್ಲಿ ಒಂಟಿಯೂ ಅಲ್ಲ. ಬಿಡುಗಡೆಯಾದ 48 ಗಂಟೆ ವಿಮರ್ಶೆ ಬೇಡ ಎಂದು ಕೇರಳ ಹೈಕೋರ್ಟಿಗೆ ನೆರವಾಗಿದ್ದ ಅಮಿಕಸ್ ಕ್ಯೂರಿ 2024ರಲ್ಲೇ ಸಲಹೆ ಕೊಟ್ಟಿದ್ದರು. ಅದೇ ವರ್ಷ ತಮಿಳು ನಿರ್ಮಾಪಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೂರು ದಿನ ಎಲ್ಲರ ಬಾಯಿಗೂ ಬೀಗ ಹಾಕಿಸಿ ಎಂದು ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಿದರು. ಮೂರು ದಿನ ಅಂದರೆ ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ನೀವು ಬಾಯಿ ತೆರೆಯುವ ಹೊತ್ತಿಗೆ ಪಿಚ್ಚರ್ ಟಾಕೀಸಿನಲ್ಲಿ ಇದ್ದರೆ ತಾನೇ? ಬೆಣ್ಣೆ ದೋಸೆಯವರಿಗೆ ಈ ಉಪಾಯ ಇನ್ನೂ ಹೊಳೆದಿಲ್ಲ. ಹಿಟ್ಟು ಹುಳಿ ಬಂದಿದೆ ಎನ್ನುವವರು 48 ಗಂಟೆ ಬಿಟ್ಟು ಬನ್ನಿ ಅಂತ ಬೋರ್ಡ್ ಹಾಕಿದರೆ, ಆ ಕಾವಲಿಯ ಮುಂದೆ ನಿಂತ ಗಿರಾಕಿ ಏನನ್ನುತ್ತಾನೆ ಎಂಬುದನ್ನು ಇಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಹಾಗಂತ ಆ ನಕ್ಷತ್ರಗಳೇನೂ ಸಾಚಾ ಆಗಿರಲಿಲ್ಲ. ಲೆಕ್ಕ ಸುಲಭ. ನೂರು ಜನ ರೇಟಿಂಗ್ ಕೊಟ್ಟರು ಅಂದುಕೊಳ್ಳಿ. ಅರವತ್ತು ಜನ ಈ ಕಡೆಯ ಅಭಿಮಾನಿಗಳು, ಪಿಚ್ಚರ್ ಶುರುವಾಗುವ ಮೊದಲೇ ಹತ್ತಕ್ಕೆ ಹತ್ತು. ನಲವತ್ತು ಜನ ಆ ಕಡೆಯವರು, ಅವರದ್ದು ಹತ್ತಕ್ಕೆ ಒಂದು. ಕೂಡಿಸಿ ಭಾಗಿಸಿದರೆ 6.4. ನೋಡಿದವರು ‘ಪರವಾಗಿಲ್ಲ, ಸಾಧಾರಣ ಪಿಚ್ಚರ್’ ಅಂದುಕೊಳ್ಳುತ್ತಾರೆ. ಆದರೆ ಆ ನೂರು ಜನರಲ್ಲಿ ಒಬ್ಬನೂ ಹಾಗೆ ಹೇಳಿಲ್ಲ. ನಿಜವಾಗಿ ಆರು ಕೊಡಬೇಕಾದವನಿಗೆ ಸಿಟ್ಟೂ ಇಲ್ಲ, ಭಕ್ತಿಯೂ ಇಲ್ಲ. ಅವನು ಬೈಕ್ ತೆಗೆದುಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಾನೆ.

ಉಳಿದದ್ದು ಟಾಕೀಸಿನ ಗೇಟಿನ ಹೊರಗಿನ ಮೈಕು. ಅದರ ಕೆಲಸವೂ ಒಂದು ಕಸುಬೇ. ಶರ್ಟಿಗೆ ಸಿಕ್ಕಿಸಬೇಕಾದ ಪುಟಾಣಿ ಮೈಕನ್ನು ಎರಡು ಬೆರಳಲ್ಲಿ ಹಿಡಿದು ಎದುರಿನವನ ಗಡ್ಡಕ್ಕೆ ಒತ್ತಬೇಕು. ಮೊಬೈಲನ್ನು ಉದ್ದಕ್ಕೆ ಹಿಡಿಯಬೇಕು. ಮೊದಲ ಮೂರು ಸೆಕೆಂಡಿನಲ್ಲಿ ಕಿರುಚಾಟ ಇಲ್ಲದಿದ್ದರೆ ನೋಡುವವನ ಹೆಬ್ಬೆರಳು ಮೇಲಕ್ಕೆ ಸರಿದುಬಿಡುತ್ತದೆ. ಹಾಗಾಗಿ ‘ಮೊದಲರ್ಧ ಎಳೆದಿದ್ದಾರೆ, ಆದರೆ ಅಪ್ಪನ ಪಾತ್ರ ಚೆನ್ನಾಗಿ ಬರೆದಿದ್ದಾರೆ’ ಎಂದು ನಿಧಾನಕ್ಕೆ ಹೇಳಿದವರದ್ದು ಕತ್ತರಿಗೆ ಹೋಗುತ್ತದೆ. ಅಂಗಿ ಬಿಚ್ಚಿ ‘ಬೆಂಕಿ, ಬೆಂಕಿ’ ಎಂದವನು ಉಳಿಯುತ್ತಾನೆ. ಇಂಟರ್‌ವಲ್‌ಗೇ ಅಭಿಪ್ರಾಯ ಬೇಕು, ಯಾಕೆಂದರೆ ಪೂರ್ತಿ ಮುಗಿಯುವವರೆಗೆ ಕಾದರೆ ಪಕ್ಕದ ಚಾನೆಲ್ಲಿನವನು ಮೊದಲೇ ಹಾಕಿಬಿಡುತ್ತಾನೆ. ಅರ್ಧ ಪಿಚ್ಚರಿಗೆ ಪೂರ್ತಿ ತೀರ್ಪು. ಇಲ್ಲಿ ಮಾತ್ರ ನಮ್ಮ ನ್ಯಾಯದಾನ ಇಷ್ಟು ಚುರುಕು.

ಇಷ್ಟೆಲ್ಲ ಗಲಾಟೆಯ ನಡುವೆ ಒಂದು ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ‘ಕ್ಯಾಮೆರಾ ವರ್ಕ್ ಡಲ್ ಅಣ್ಣ, ಬರೀ ಕತ್ಲು’ ಅಂತ ಕ್ಯಾಮೆರಾಮನ್ನನ್ನು ಬೈಯುತ್ತಾರಲ್ಲ, ಪಾಪ, ಅವನು ಮಾಡಿದ ತಪ್ಪೇನು? ಪರದೆಯ ಹೊಳಪು 14 ಫುಟ್-ಲ್ಯಾಂಬರ್ಟ್ (ಪರದೆಯಿಂದ ಕಣ್ಣಿಗೆ ಬರುವ ಬೆಳಕಿನ ಅಳತೆ) ಇರಬೇಕು ಎಂಬುದು ಡಿಜಿಟಲ್ ಸಿನಿಮಾದ ಅಂತಾರಾಷ್ಟ್ರೀಯ ಲೆಕ್ಕ. ಆ ಬೆಳಕನ್ನು ನಂಬಿಯೇ ಅವನು ಬಣ್ಣ ತಿದ್ದಿಸಿ ಕಳಿಸಿರುತ್ತಾನೆ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ಬಲ್ಬಿಗೆ ಆಯುಷ್ಯ ಇಷ್ಟು ಗಂಟೆ ಅಂತ ಕಂಪನಿಯೇ ಬರೆದು ಕೊಡುತ್ತದೆ. ವಾಟ್ ಹೆಚ್ಚಾದಷ್ಟೂ ಆಯುಷ್ಯ ಕಡಿಮೆ. 1,500 ಗಂಟೆಯ ಬಲ್ಬ್ ಎಂದೇ ಹಿಡಿಯಿರಿ. ದಿನಕ್ಕೆ ಐದು ಆಟ, ಜಾಹೀರಾತು ಸೇರಿ ಆಟಕ್ಕೆ ಎರಡೂಮುಕ್ಕಾಲು ಗಂಟೆ. ಮೂರೂವರೆ ತಿಂಗಳಿಗೆ ಮುಗಿಯಿತು. ಆದರೆ ಬಲ್ಬ್ ದುಬಾರಿ. ಹಾಗಾಗಿ ಅದನ್ನು ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಓಡಿಸುತ್ತಾರೆ. ಒಳಗಿನ ಟಂಗ್‌ಸ್ಟನ್ ಸವೆದು ಗಾಜಿನ ಒಳಮೈಗೆ ಕಪ್ಪಾಗಿ ಹತ್ತುತ್ತದೆ, ಬೆಳಕು ಇಳಿಯುತ್ತದೆ, ಕೊನೆಕೊನೆಗೆ ಮಿಣುಕುತ್ತದೆ. ಅವಧಿ ಮೀರಿ ಹಾಗೇ ಉರಿಸಿದರೆ ಒಳಗೇ ಸಿಡಿದು ಹಿಂದಿನ ಕನ್ನಡಿಯನ್ನೂ ಒಡೆದುಹಾಕುವ ಅಪಾಯವಿದೆ. ಇದರ ಜೊತೆಗೆ ಕರೆಂಟ್ ಉಳಿಸಲು ಆಂಪೇರ್ ತಗ್ಗಿಸುವುದು, ಬೂತಿಗೂ ಹಾಲಿಗೂ ನಡುವಿನ ಗಾಜನ್ನು ಒರೆಸದೇ ಬಿಡುವುದು, ತ್ರೀಡಿ ಪಿಚ್ಚರ್ ಹೋದ ಮೇಲೂ ಅದರ ಫಿಲ್ಟರನ್ನು ಲೆನ್ಸಿನ ಮುಂದಿನಿಂದ ತೆಗೆಯದೇ ಇರುವುದು. ಇಷ್ಟಾದ ಮೇಲೆ ನಾಯಕಿಯ ಮುಖ ಕಂಡರೆ ಅದು ಆಕೆಯ ಪುಣ್ಯ.

ಶಬ್ದದ ಕಥೆ ಇನ್ನೂ ಮಜಾ. ಸೌಂಡ್ ಪ್ರೊಸೆಸರಿನಲ್ಲಿ ಶಬ್ದ ಏರಿಸಿ ಇಳಿಸುವ ಫೇಡರ್ ಅಂತ ಒಂದು ಗುಂಡಿ ಇರುತ್ತದೆ. ಚೆನ್ನೈಯಲ್ಲೋ ಬೆಂಗಳೂರಲ್ಲೋ ಮಿಕ್ಸಿಂಗ್ ಮಾಡುವಾಗ ಅದು 7ರಲ್ಲಿರುತ್ತದೆ, ಟಾಕೀಸಿನಲ್ಲೂ ಅಲ್ಲೇ ಇರಬೇಕು. ಆದರೆ ಗುಟ್ಕಾ, ಗಂಜಿ ಫ್ರಾಕು, ಒಡವೆ ಅಂಗಡಿಯ ಜಾಹೀರಾತುಗಳು ಕಿವಿ ಹರಿಯುವಂತೆ ಬರುತ್ತವೆ; ಯಾರೋ ಬೈಯುತ್ತಾರೆ; ಆಪರೇಟರ್ ಗುಂಡಿಯನ್ನು 4ಕ್ಕೆ ಇಳಿಸಿ ಚಹಾ ಕುಡಿಯಲು ಹೋಗುತ್ತಾನೆ. 7ರಿಂದ 4ಕ್ಕೆ ಬಂದರೆ ಹತ್ತು ಡೆಸಿಬಲ್ ಮಾಯ, ಅಂದರೆ ಕಿವಿಗೆ ಹೆಚ್ಚುಕಡಿಮೆ ಅರ್ಧ. ಪಿಚ್ಚರ್ ಆ ಅರ್ಧದಲ್ಲೇ ಕೊನೆಯವರೆಗೂ ಓಡುತ್ತದೆ. ಇನ್ನು ಮಾತುಗಳೆಲ್ಲ ಬರುವುದು ಪರದೆಯ ಹಿಂದಿನ ನಡು ಸ್ಪೀಕರಿನಿಂದ. ಅದರ ಮೇಲಿನ ಹಾರ್ನ್ ಡ್ರೈವರ್ (ಚೂಪು ಸದ್ದು ಹೊರಡಿಸುವ ಭಾಗ) ಸುಟ್ಟಿದ್ದರೆ ‘ಸ’, ‘ಶ’, ‘ಚ’ ಎಲ್ಲ ಹತ್ತಿಯಲ್ಲಿ ಸುತ್ತಿದಂತೆ ಒಂದೇ ಆಗಿ ಕೇಳುತ್ತವೆ. ಹಾಡು ಮಾತ್ರ ಎಡಬಲದಿಂದ ಭರ್ಜರಿ. ಹೊರಗೆ ಬಂದವನು ಮೈಕಿಗೆ ಹೇಳುತ್ತಾನೆ: ‘ಡೈಲಾಗ್ ವೀಕು, ಬಿಜಿಎಂ ಸೂಪರ್.’ ಡೈಲಾಗ್ ಬರೆದವರು ಮನೆಯಲ್ಲಿ ಕೂತು ಅಳುತ್ತಿರುತ್ತಾರೆ. ‘ನಡು ಸ್ಪೀಕರಿನ ಡ್ರೈವರ್ ಹೋಗೈತೆ’ ಅಂತ ಯಾರಾದರೂ ಹೇಳಿ ನೋಡಿ, ಮೈಕಿನವನು ಮೈಕನ್ನು ಹಿಂದಕ್ಕೆಳೆದುಕೊಂಡು ‘ಅಣ್ಣಾ, ಬಾಸ್ ಎಂಟ್ರಿ ಬಗ್ಗೆ ಹೇಳಿ’ ಅನ್ನದಿದ್ದರೆ ಕೇಳಿ.

ಈ ವಿಷಯದಲ್ಲಿ ಚಿತ್ರದುರ್ಗದವರಿಗೆ ಒಂದು ನಮಸ್ಕಾರ ಹಾಕಬೇಕು. ಕೋಟೆಯಲ್ಲಿ ಶೂಟಿಂಗ್ ಆದ ಯಾವ ಪಿಚ್ಚರ್ ಬಂದರೂ ಅವರು ಕಥೆ ನೋಡುವುದಿಲ್ಲ, ದಾರಿ ನೋಡುತ್ತಾರೆ. ಹೀರೊ ಓಬವ್ವನ ಕಿಂಡಿಯಲ್ಲಿ ನುಸುಳಿ ಮರುಕ್ಷಣ ಅಕ್ಕ-ತಂಗಿ ಹೊಂಡದ ಪಕ್ಕ ಓಡುತ್ತಿದ್ದರೆ, ‘ಅಲ್ಲಿಂದ ಇಲ್ಲಿಗೆ ಹೆಂಗ್ ಬಂದಪ್ಪಾ ಇವ?’ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಏಳುತ್ತದೆ. ಏಕನಾಥೇಶ್ವರಿ ಗುಡಿಯ ಮುಂದೆ ಶುರುವಾದ ಹೊಡೆದಾಟ ಚಂದ್ರವಳ್ಳಿಯಲ್ಲಿ ಮುಗಿದರೆ, ನಡುವೆ ಎಷ್ಟು ಇಳಿಯಬೇಕು, ಯಾವ ಕಡೆಯಿಂದ ಸುತ್ತು ಹಾಕಬೇಕು ಎಂಬುದನ್ನು ಲೆಕ್ಕ ಹಾಕಿ ಹೇಳುತ್ತಾರೆ. ಒಂದು ಸ್ಟಾರೂ ಇಲ್ಲ, ಒಂದು ಬೆಂಕಿಯೂ ಇಲ್ಲ, ನೋಡಿದ್ದನ್ನು ನೋಡಿದ ಹಾಗೆ ಹೇಳುವ ಅಭಿಪ್ರಾಯ. ಈ ನಾಡಿನ ಅತ್ಯುತ್ತಮ ವಿಮರ್ಶಕರು ಕಲ್ಲಿನ ಕೋಟೆಯ ಕೆಳಗೇ ಇದ್ದಾರೆ. ಕೋರ್ಟಿಗೆ ಸುಳಿವು ಕೊಡಬೇಡಿ.

ಇಂಟರ್‌ವಲ್‌ ಅಂದೆವಲ್ಲ, ಪಾಪ್‌ಕಾರ್ನ್ ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ. 2025-26ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲ್ಲಿಗೆ 2,400 ರೂಪಾಯಿ ಬೆಂಬಲ ಬೆಲೆ ಅಂದಿತು, ಕೆ.ಜಿ.ಗೆ 24. ಅಷ್ಟೂ ಸಿಗದೆ ರೈತರು ರಸ್ತೆಗಿಳಿದದ್ದು ಎಲ್ಲರಿಗೂ ನೆನಪಿದೆ. ಅದೇ ಊರಿನ ಮಾಲಿನಲ್ಲಿ ಅರಳಿಸಿದ ಜೋಳದ ಬಕೆಟ್ಟು ನೂರುಗಳಲ್ಲಿ. ಒಪ್ಪೋಣ, ತಳಿ ಬೇರೆ. ಪಾಪ್‌ಕಾರ್ನ್ ಕಾಳಿನ ಸಿಪ್ಪೆ ಗಟ್ಟಿ. ಒಳಗೆ ಶೇಕಡಾ 14ರ ಆಸುಪಾಸು ತೇವ ಇರಬೇಕು. 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ತೇವ ಹಬೆಯಾಗಿ ಸಿಪ್ಪೆ ಒಡೆದು ಕಾಳು ಅರಳುತ್ತದೆ. ನಮ್ಮ ಹೊಲದ ಮೆಕ್ಕೆಜೋಳದ ಸಿಪ್ಪೆ ಆ ಒತ್ತಡ ಹಿಡಿದಿಡುವುದಿಲ್ಲ, ಹಬೆ ಸೋರಿ ಸುಮ್ಮನೆ ಸೀಯುತ್ತದೆ. ಬಕೆಟ್ಟಿನ ತಳದಲ್ಲಿ ಹಲ್ಲು ಮುರಿಯುವ ಕಾಳುಗಳು ಜಾಸ್ತಿ ಸಿಕ್ಕರೆ ದಾಸ್ತಾನು ಹಳೆಯದು, ಒಣಗಿದೆ ಎಂದು ತಿಳಿಯಿರಿ. ಒಳ್ಳೆಯ ಕಾಳು ಗ್ರಾಮಿಗೆ 40 ಮಿಲಿಲೀಟರ್ ಅರಳುತ್ತದೆ. ನಾಲ್ಕು ಲೀಟರಿನ ಬಕೆಟ್ ತುಂಬಲು ನೂರು ಗ್ರಾಂ ಸಾಕು. ತಳಿ ಬೇರೆ ಅಂತ ಬೆಂಬಲ ಬೆಲೆಯ ಐದು ಪಟ್ಟು ಹಿಡಿದರೂ ಕಾಳಿನ ಖರ್ಚು 12 ರೂಪಾಯಿ. ಮೇಲೆ ಸುರಿಯುವ ಹಳದಿ ‘ಬಟರ್’ ಹೆಚ್ಚಿನ ಕಡೆ ಎಣ್ಣೆ, ಬಣ್ಣ ಮತ್ತು ಸುವಾಸನೆ. ಬೆಣ್ಣೆ ದೋಸೆಯ ಊರಿನಲ್ಲಿ ಇದನ್ನು ಬೆಣ್ಣೆ ಎಂದು ಮಾರುವವರ ಎದೆಗಾರಿಕೆಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.

ಇದೇ ಜೋಳದರಳಿನ ಬಗ್ಗೆ 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಮರಳುಗಾಡಿನಲ್ಲಿ ಜಿಎಸ್‌ಟಿ ಮಂಡಳಿ ಕೂತು ಚರ್ಚಿಸಿತ್ತು: ಆಗಿನ ಲೆಕ್ಕದಲ್ಲಿ ಬಿಡಿ ಉಪ್ಪಿನದಕ್ಕೆ ಶೇ. 5, ಪ್ಯಾಕೆಟ್ಟಿನದಕ್ಕೆ ಶೇ. 12, ಸಕ್ಕರೆ ಪಾಕ ಹಾಕಿದರೆ ಶೇ. 18. ಮರಳೆಂದರೆ ನಮ್ಮವರಿಗೂ ಹೊಸದಲ್ಲ. ಭತ್ತ ನೆನೆಸಿ, ಹುರಿದು, ಸಿಪ್ಪೆ ತೆಗೆದು, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಉಬ್ಬಿಸಿದರೆ ಮಂಡಕ್ಕಿ. ಅದಕ್ಕೆ ಈರುಳ್ಳಿ, ಪುಟಾಣಿ ಹಿಟ್ಟು ಬಿದ್ದು ಪಕ್ಕದಲ್ಲಿ ಎರಡು ಮಿರ್ಚಿ ಇದ್ದರೆ ಯಾವ ಕೆಟ್ಟ ಪಿಚ್ಚರೂ ಸಹ್ಯ. ಆದರೆ ಅದನ್ನು ಒಳಗೆ ಒಯ್ಯುವಂತಿಲ್ಲ. ಹೊರಗಿನ ತಿಂಡಿ ತಡೆಯುವ ಹಕ್ಕು ಟಾಕೀಸಿನವರಿಗೆ ಇದೆ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕುಡಿಯುವ ನೀರು ಪುಕ್ಕಟೆ ಕೊಡಬೇಕು ಎಂದೂ ಅದೇ ತೀರ್ಪಿನಲ್ಲಿ ಇದೆ. ಮೊದಲನೆಯದನ್ನು ಗೇಟಿನ ಬಳಿ ಚೀಲ ತಡಕುವ ಹುಡುಗನೂ ಬಾಯಿಪಾಠ ಮಾಡಿದ್ದಾನೆ. ಎರಡನೆಯದನ್ನು ಕೇಳಿದರೆ ಶೌಚಾಲಯದ ಪಕ್ಕದ ನಲ್ಲಿಯತ್ತ ಬೆರಳು ತೋರಿಸುತ್ತಾರೆ.

ತಮಾಷೆ ಸಾಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂದಿತು, ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. 2017ರಲ್ಲೂ ಇದೇ 200ರ ಆಟ ಆಗಿತ್ತು. ಬೆಲೆಗೆ ಮಿತಿ ಹಾಕಿದರೆ ವ್ಯಾಪಾರದ ಸ್ವಾತಂತ್ರ್ಯಕ್ಕೆ ಧಕ್ಕೆ. ಬಾಯಿಗೆ ಮಿತಿ ಹಾಕಿದರೆ ಉದ್ಯಮದ ರಕ್ಷಣೆ. ದುಡ್ಡು ಕೊಟ್ಟು ಬರೆಸಿದ ಹೊಗಳಿಕೆ, ಪೋಸ್ಟರಿನ ಮೇಲಿನ ಐದು ನಕ್ಷತ್ರ, ಅಭಿಮಾನಿ ಸಂಘ ಗುಂಪಾಗಿ ಒತ್ತುವ ಹತ್ತು, ಇವು ಯಾರಿಗೂ ಮಾನನಷ್ಟವಲ್ಲ. ಗಾರೆ ಕೆಲಸದವನು ಒಂದು ದಿನದ ಕೂಲಿಯ ಅರ್ಧಕ್ಕರ್ಧ ಕೊಟ್ಟು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, ಮಂಕು ಬೆಳಕಲ್ಲಿ, ಅರ್ಧ ಶಬ್ದದಲ್ಲಿ ಕೂತು ಎದ್ದು ‘ಚೆನ್ನಾಗಿಲ್ಲ’ ಅಂದರೆ ಮಾತ್ರ ಕನ್ನಡ ಚಿತ್ರರಂಗ ನಾಶ. ನಾಚಿಕೆಯಾಗಬೇಕು.

ಆದ್ದರಿಂದ ಸ್ಟಾರ್ ಕೊಡುವ ಹಕ್ಕು ಹೋದರೆ ಹೋಗಲಿ, ಕೇಳುವ ಹಕ್ಕು ಬಳಸಿ. ಪರದೆಯಿಂದ ಟಾಕೀಸಿನ ಉದ್ದದ ಮೂರನೇ ಎರಡರಷ್ಟು ಹಿಂದೆ, ನಟ್ಟನಡುವೆ ಸೀಟು ಹಿಡಿಯಿರಿ, ಶಬ್ದ ಹೊಂದಿಸುವುದು ಆ ಜಾಗಕ್ಕೇ. ಬಿಳಿ ಅಕ್ಷರ ಬೂದು ಬಣ್ಣವಾಗಿ ಕಂಡರೆ, ಪರದೆಯ ನಡುವೆ ಬೆಳಕಿದ್ದು ಅಂಚು ಕಪ್ಪಾದರೆ, ಹಾಡು ಗಟ್ಟಿ ಮಾತು ಮೆಲ್ಲಗೆ ಕೇಳಿದರೆ ಮೊದಲ ಹತ್ತು ನಿಮಿಷದಲ್ಲೇ ಎದ್ದು ಹೋಗಿ. ಬಲ್ಬ್ ಎಷ್ಟು ಗಂಟೆ ಓಡಿದೆ, ಫೇಡರ್ ಎಷ್ಟರಲ್ಲಿದೆ, ತ್ರೀಡಿ ಫಿಲ್ಟರ್ ತೆಗೆದಿದ್ದಾರಾ, ಈ ಮೂರೇ ಪ್ರಶ್ನೆ ಸಾಕು. ಮೇನೇಜರ್ ನಿಮ್ಮನ್ನು ಇನ್ಸ್‌ಪೆಕ್ಷನ್ನಿಗೆ ಬಂದವರು ಅಂದುಕೊಳ್ಳುತ್ತಾನೆ. ಇಂಟರ್‌ವಲ್‌ವರೆಗಂತೂ ಕಾಯಬೇಡಿ. ಆಮೇಲೆ ಹೋದರೆ ಉತ್ತರ ರೆಡಿ ಇರುತ್ತದೆ: ‘ಈಗೇನ್ ಮಾಡಕ್ ಬರ್ತತ್ರಿ, ಅರ್ಧ ಪಿಚ್ಚರ್ ಮುಗೀತಲ್ಲ.’