ಕಣಿವೆ ಒಂದು, ಕ್ಷೇತ್ರ ಎರಡು

ಚುನಾವಣಾ ಕ್ಷೇತ್ರಗಳ ಮ್ಯಾಪ್ ನೋಡೋದು ನನಗೊಂದು ಚಟ. ನಯಾಪೈಸೆ ಉಪಯೋಗ ಇಲ್ಲದ ಚಟ, ಇರಲಿ. ಒಂದು ಟ್ಯಾಬಲ್ಲಿ ಕ್ಷೇತ್ರದ ಮ್ಯಾಪು, ಇನ್ನೊಂದು ಟ್ಯಾಬಲ್ಲಿ ಬೆಟ್ಟ ಹೊಳೆ ತೋರಿಸೋ ಮ್ಯಾಪು ತೆಗೆದಿಟ್ಕೊಂಡು ಅದನ್ನೊಂದಷ್ಟು ಹೊತ್ತು ಇದನ್ನೊಂದಷ್ಟು ಹೊತ್ತು ನೋಡ್ತಾ ಕೂತ್ರೆ, ಇವೆರಡನ್ನೂ ಮಾಡಿದವರು ಜನ್ಮದಲ್ಲಿ ಒಬ್ಬರನ್ನೊಬ್ಬರು ಮಾತಾಡಿಸಿಲ್ಲವೇನೋ ಅನ್ಸುತ್ತೆ. ಬಯಲಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ, ಅಲ್ಲಿ ಗೆರೆ ಎಲ್ಲಿ ಎಳೆದ್ರೂ ಆಚೆನೂ ಅದೇ ಹೊಲ ಈಚೆನೂ ಅದೇ ಹೊಲ. ಕಣಿವೆಗಳಲ್ಲಿ ಮಾತ್ರ ಎದ್ದು ಕಾಣುತ್ತೆ.

ಕಣಿವೆಯ ಲೆಕ್ಕ ಬಹಳ ಸರಳ. ಮಳೆ ನೀರು ಯಾವ ಕಡೆ ಇಳಿಯುತ್ತೋ ಜನಾನೂ ಆ ಕಡೆಗೇ ಇಳೀತಾರೆ. ರಸ್ತೆ ಹೊಳೆ ಪಕ್ಕದಲ್ಲೇ ಬರುತ್ತೆ, ಬಸ್ಸು ಆ ರಸ್ತೆಯಲ್ಲೇ ಬರುತ್ತೆ, ಸ್ಕೂಲು ಆಸ್ಪತ್ರೆ ಮಾರ್ಕೆಟ್ಟು ಎಲ್ಲಾ ಆ ಬಸ್ಸು ನಿಲ್ಲೋ ಜಾಗದಲ್ಲೇ ಬೆಳ್ಕೊಳ್ಳುತ್ತೆ, ಹಾಗಾಗಿ ಹೊಳೆಯ ಆಚೆ ದಡದವರು ದಿನಾ ಸಿಗ್ತಾರೆ, ಬೆಟ್ಟದ ಆಚೆಯವರು ಮದುವೆ ಮುಂಜಿಗೆ ಸಿಕ್ಕಿದ್ರೆ ಹೆಚ್ಚು. ಮ್ಯಾಪಲ್ಲಿ ನೋಡಿದ್ರೆ ಆ ಬೆಟ್ಟದಾಚೆ ಊರು ಒಂದು ಬೆರಳಷ್ಟು ದೂರ. ಹೋಗ್ಬೇಕಂದ್ರೆ ಕಣಿವೆ ಬಾಯಿವರೆಗೂ ಇಳಿದು, ಸುತ್ತು ಹಾಕಿ, ಪಕ್ಕದ ಕಣಿವೆಯನ್ನ ಮತ್ತೆ ಕೆಳಗಿಂದ ಹತ್ತಬೇಕು.

ಇಲ್ಲೇ ತಮಾಷೆ ಇರೋದು. ಗೆರೆ ಎಳೆಯೋರಿಗೆ ನದಿ ಕಂಡ್ರೆ ಬಲು ಇಷ್ಟ, ಕಾಗದದ ಮೇಲೆ ನೀಟಾಗಿ ನೀಲಿ ಬಣ್ಣದಲ್ಲಿ ರೆಡಿ ಗಡಿ ಇದ್ದ ಹಾಗೇ ಕಾಣುತ್ತೆ. ಆದ್ರೆ ಕಣಿವೆಗೆ ನದಿ ಅಂಚಲ್ಲ ಸ್ವಾಮಿ, ಅದು ನಡು! ಅಂಚು ಇರೋದು ಬೆಟ್ಟದ ನೆತ್ತಿಯಲ್ಲಿ. ನದಿಗುಂಟ ಗೆರೆ ಎಳೆದ್ರಿ ಅಂದ್ರೆ ಒಂದು ಮನೆಯ ನಡುಮನೆಯಲ್ಲೇ ಗೋಡೆ ಎಬ್ಬಿಸಿ, ಹಿತ್ತಲ ಬೇಲಿ ಕಿತ್ತು ಪಕ್ಕದವರ ಹಿತ್ತಲಿಗೆ ಸೇರಿಸಿದ ಹಾಗೆ. ಆಮೇಲೆ ಒಂದೇ ಸೇತುವೆಯ ಈ ತುದಿಗೊಬ್ಬ ಎಂಎಲ್ಎ ಆ ತುದಿಗೊಬ್ಬ ಎಂಎಲ್ಎ, ಸೇತುವೆ ಕೆಟ್ರೆ ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸ್ಬಹುದು.

ಕಾನೂನಿಗೆ ಇದು ಗೊತ್ತಿಲ್ಲ ಅಂತಲ್ಲ. ನಮ್ಮ 2002ರ ಡಿಲಿಮಿಟೇಶನ್ (ಅಂದ್ರೆ ಕ್ಷೇತ್ರಗಳ ಗಡಿ ಹಾಕೋ) ಕಾಯ್ದೆಯ 9ನೇ ಸೆಕ್ಷನ್ನಲ್ಲೇ ಇದೆ, ಕ್ಷೇತ್ರ ಭೌಗೋಳಿಕವಾಗಿ ಒಟ್ಟಾಗಿರಬೇಕು, ನೆಲದ ಸ್ವರೂಪ, ಆಡಳಿತದ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಎಲ್ಲ ನೋಡ್ಬೇಕು ಅಂತ. ಆದ್ರೆ ಮೊದಲಲ್ಲೇ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಒಂದು ಮಾತು ಸೇರಿಸಿದ್ದಾರೆ ನೋಡಿ, ಇಡೀ ಬೆಟ್ಟ ಆ ಸಂದಿಯಲ್ಲಿ ನುಸುಳಿ ಹೋಗುತ್ತೆ.

ಹಾಗೆ ನುಸುಳಿ ಹೋದದ್ದಕ್ಕೆ ದೊಡ್ಡ ಉದಾಹರಣೆ ಬೇಕಂದ್ರೆ ಅನಂತನಾಗ್-ರಜೌರಿ. 2022ರ ಮರುವಿಂಗಡಣೆಯಲ್ಲಿ ಕಾಶ್ಮೀರ ಕಣಿವೆಯ ದಕ್ಷಿಣದ ಅನಂತನಾಗ್ ಭಾಗವನ್ನ ಪೀರ್ ಪಂಜಾಲ್ ಬೆಟ್ಟಸಾಲಿನ ಆಚೆ ಇರೋ ರಜೌರಿ, ಪೂಂಚ್ ಜೊತೆ ಸೇರಿಸಿ ಒಂದು ಲೋಕಸಭಾ ಕ್ಷೇತ್ರ ಮಾಡಿದ್ರು. ಲೆಕ್ಕ ಚೊಕ್ಕ, ಜಮ್ಮು ಕಾಶ್ಮೀರದ ಐದೂ ಲೋಕಸಭಾ ಕ್ಷೇತ್ರಕ್ಕೆ ತಲಾ 18 ವಿಧಾನಸಭಾ ಕ್ಷೇತ್ರ. ಎರಡು ಭಾಗಕ್ಕೂ ನೇರ ಸಂಪರ್ಕ ಅಂದ್ರೆ ಮೊಘಲ್ ರೋಡ್, ಚಳಿಗಾಲ ಬಂತಂದ್ರೆ ಅದು ಹಿಮ ಬಿದ್ದು ಬಂದ್. ಆಗ ಈ ಕಡೆಯ ಅಭ್ಯರ್ಥಿ ತನ್ನದೇ ಕ್ಷೇತ್ರದ ಆ ಕಡೆಗೆ ಹೋಗ್ಬೇಕಂದ್ರೆ ಜಮ್ಮು ಸುತ್ತಿ, ಬೇರೆಯವರ ಕ್ಷೇತ್ರ ದಾಟ್ಕೊಂಡು ಬರ್ಬೇಕು. 2024ರಲ್ಲಿ ಅಲ್ಲಿ ಮೇ 7ಕ್ಕೆ ಇದ್ದ ಮತದಾನವನ್ನ ಚುನಾವಣಾ ಆಯೋಗ ಮೇ 25ಕ್ಕೆ ಮುಂದೂಡಿತು, ಕೊಟ್ಟ ಕಾರಣದಲ್ಲಿ ಸಂಪರ್ಕಕ್ಕೆ ಅಡ್ಡ ಬರೋ ನೈಸರ್ಗಿಕ ತಡೆಗಳೂ ಇದ್ವು. ಮುಂದೂಡಿದ್ದರ ಹಿಂದಿನ ರಾಜಕೀಯದ ಬಗ್ಗೆ ಪಾರ್ಟಿಗಳು ಕಚ್ಚಾಡಿದ್ವು, ಅದು ಬೇರೆ ಕಥೆ.

ಬ್ರಿಟನ್ನಿನಲ್ಲೂ ಇದೇ ಹಾಡು. ಅಲ್ಲಿ ಕ್ಷೇತ್ರದ ಮತದಾರರ ಸಂಖ್ಯೆ ಸರಾಸರಿಗಿಂತ ಶೇಕಡ 5ರಷ್ಟು ಮಾತ್ರ ಆಚೀಚೆ ಆಗ್ಬಹುದು. ವೇಲ್ಸ್‌ನ ಸೀಟು 2024ಕ್ಕೆ 40ರಿಂದ 32ಕ್ಕೆ ಇಳೀತು, ಇಳಿದಾಗ ಮರ್ಥರ್ ಟಿಡ್‌ಫಿಲ್ ಮತ್ತು ಅಬರ್‌ಡೇರ್ ಅಂತ ಒಂದೇ ಕ್ಷೇತ್ರ ಆಯ್ತು, ಎರಡು ಊರೂ ಬೇರೆ ಬೇರೆ ಕಣಿವೆಯಲ್ಲಿವೆ, ಮಧ್ಯದಲ್ಲಿ ಬೆಟ್ಟ. ಮಜಾ ಏನಂದ್ರೆ ಆ 5 ಪರ್ಸೆಂಟ್ ರೂಲಿನಿಂದ ಐದು ಕ್ಷೇತ್ರಗಳಿಗೆ ವಿನಾಯಿತಿ ಇದೆ, ಐದೂ ದ್ವೀಪಗಳದ್ದೇ. ಸಮುದ್ರಕ್ಕೆ ಸಿಕ್ಕ ಮರ್ಯಾದೆ ಬೆಟ್ಟಕ್ಕಿಲ್ಲ.

ಹಾಗಂತ ತಲೆ ಎಣಿಸೋದೇ ತಪ್ಪು ಅಂತ ನಾನು ಹೇಳಲ್ಲ. ನೆಲಕ್ಕೆ ಓಟು ಕೊಟ್ರೆ ಏನಾಗುತ್ತೆ ಅಂತ ಅದೇ ಬ್ರಿಟನ್ ತೋರಿಸಿದೆ, ಓಲ್ಡ್ ಸೇರಮ್ ಅನ್ನೋ ಜನ ಬಿಟ್ಟುಹೋದ ಒಂದು ಗುಡ್ಡ 1832ರವರೆಗೂ ಇಬ್ಬರು ಎಂಪಿಗಳನ್ನ ಕಳಿಸ್ತಾ ಇತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1964ರಲ್ಲಿ ಶಾಸಕರು ಪ್ರತಿನಿಧಿಸೋದು ಜನರನ್ನ, ಮರಗಳನ್ನೋ ಎಕರೆಗಳನ್ನೋ ಅಲ್ಲ ಅಂತು. ಸರಿ, ಒಪ್ಪಿದೆ. ಆದ್ರೆ ಆ ಜನ ಆಕಾಶದಲ್ಲೇನೂ ನೇತಾಡ್ತಿಲ್ವಲ್ಲ, ಯಾವುದೋ ಒಂದು ಇಳಿಜಾರಿನ ಮೇಲೇ ಇದ್ದಾರೆ.

ನೀರನ್ನ ನೋಡಿ ಗಡಿ ಹಾಕೋಣ ಅಂದವರೂ ಇದ್ರು. ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1890ರ ಸುಮಾರಿಗೆ ಪಶ್ಚಿಮದ ಒಣ ಪ್ರದೇಶವನ್ನ ಜಲಾನಯನಗಳ (ಅಂದ್ರೆ ಒಂದೇ ನದಿಗೆ ನೀರು ಹರಿದು ಸೇರೋ ನೆಲ) ಪ್ರಕಾರ ಬಣ್ಣ ಹಚ್ಚಿ ಮ್ಯಾಪ್ ಮಾಡಿ, ಒಂದೊಂದು ಜಲಾನಯನದವರೂ ತಮ್ಮ ನೀರಿನ ವ್ಯವಹಾರ ತಾವೇ ನೋಡ್ಕೊಳ್ಳಲಿ ಅಂದ. ಯಾರೂ ಕೇಳ್ಲಿಲ್ಲ. ನ್ಯೂಜಿಲೆಂಡ್ ನೂರು ವರ್ಷ ಕಳೆದು 1989ರಲ್ಲಿ ನದಿ, ಪ್ರವಾಹ ನೋಡ್ಕೊಳ್ಳೋ ತನ್ನ ಪ್ರಾದೇಶಿಕ ಕೌನ್ಸಿಲ್‌ಗಳ ಗಡಿಯನ್ನ ಹೆಚ್ಚುಕಮ್ಮಿ ನದಿಗಳ ಜಲಾನಯನ ನೋಡೇ ಹಾಕ್ತು, ಪಾರ್ಲಿಮೆಂಟ್ ಕ್ಷೇತ್ರಕ್ಕೆ ಮಾತ್ರ ಅದೇ ಶೇಕಡ 5ರ ಲೆಕ್ಕ ಇಟ್ಕೊಳ್ತು. ನನಗೆ ಈ ಜಾಣತನ ಹಿಡಿಸ್ತು. ಪ್ರವಾಹ ಬಂದಾಗ ಕಣಿವೆಗೆ ಒಂದೇ ಆಫೀಸು, ಓಟು ಬಂದಾಗ ತಲೆಗೆ ಒಂದೇ ತೂಕ, ಎರಡನ್ನೂ ಒಂದೇ ಗೆರೆಯಲ್ಲಿ ಸಾಧಿಸ್ತೀನಿ ಅನ್ನೋ ಹಠ ಇಲ್ಲ.

ನಮ್ಮಲ್ಲೂ ಬೂತ್ ಮಟ್ಟಕ್ಕೆ ಇಳಿದ್ರೆ ಆಯೋಗಕ್ಕೆ ಬೆಟ್ಟ ಚೆನ್ನಾಗೇ ಕಾಣುತ್ತೆ. ಮತದಾರ 2 ಕಿಲೋಮೀಟರಿಗಿಂತ ಹೆಚ್ಚು ನಡೀಬಾರದು ಅಂತ ಅದರದ್ದೇ ನಿಯಮ ಇದೆ, ಅರುಣಾಚಲದ ಮಾಲೋಗಾಮ್‌ನಲ್ಲಿ 2024ರಲ್ಲಿ ಒಂದೇ ಒಂದು ಓಟಿಗೋಸ್ಕರ ಸಿಬ್ಬಂದಿ ಮೆಷಿನ್ ಹೊತ್ಕೊಂಡು ಗುಡ್ಡ ಹತ್ತಿದ್ರು. ಓಟು ಹಾಕ್ಸೋಕೆ ಅಷ್ಟು ಕಷ್ಟ ಪಡೋ ವ್ಯವಸ್ಥೆ, ಆರಿಸಿ ಬಂದವನನ್ನ ಆಮೇಲೆ ಹುಡ್ಕೊಂಡು ಹೋಗೋಕೆ ಜನ ಎಷ್ಟು ಬಸ್ ಬದಲಾಯಿಸ್ಬೇಕು ಅಂತ ಯಾಕೆ ಕೇಳಲ್ವೋ.

2026ರ ನಂತರದ ಮೊದಲ ಜನಗಣತಿ ಮುಗಿದ ಮೇಲೆ ರಾಜ್ಯಗಳ ನಡುವೆ ಲೋಕಸಭಾ ಸೀಟುಗಳ ಮರುಹಂಚಿಕೆಗೆ ಸಂವಿಧಾನದಲ್ಲಿ ಇರೋ ತಡೆ ಮುಗಿಯುತ್ತೆ, ಯಾವ ರಾಜ್ಯಕ್ಕೆ ಎಷ್ಟು ಸೀಟು ಅಂತ ಈಗಾಗಲೇ ಜಗಳ ಶುರುವಾಗಿದೆ, ಗೆರೆ ಎಲ್ಲಿ ಅನ್ನೋದು ಆಮೇಲಿನ ಮಾತು. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯೋ ಪದ್ಧತಿ ಇದೆಯಲ್ಲ, ಆಗ ಕಣಿವೆಯವರು ಉದ್ದುದ್ದ ಮನವಿ ಬರೆಯೋ ಬದಲು ತಮ್ಮೂರಿನ ಬಸ್ ಟೈಮ್ ಟೇಬಲ್ ಒಂದು ಕಾಪಿ ಲಗತ್ತಿಸಿದ್ರೂ ಸಾಕು.